ಅದೇ ಬೀದಿಯ ಇನ್ನೊಂದು ಜೋಡಿ

ನನ್ನ ಮಗ ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿ ಈ ಕಡೆಯಿಂದ ಆ ಕಡೆಗೆ ಇಟ್ಟವನಲ್ಲ. ಕುಡಿದ ಲೋಟ ಕುಡಿದಲ್ಲೇ, ಬಿಚ್ಚಿದ ಅಂಗಿ ಬಿಚ್ಚಿದಲ್ಲೇ. ಪೇಟೆಯ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನಿಗೆ ತನ್ನ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪೆದ್ದಿಯಾದದ್ದು ಇವನನ್ನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದರಿಂದ.

ಅವನ ಹೆಂಡತಿ ಬೇರೆ ಜನಾಂಗದವಳು. ನಾವು ಸುಣ್ಣ ಹೊಡೆದ ಗೋಡೆಯ ಬಣ್ಣದವರು, ಸ್ವಲ್ಪ ಬಿಸಿಲಿಗೆ ನಿಂತರೆ ಟೊಮೆಟೊ ಆಗುತ್ತೇವೆ. ಸೊಸೆ ಒಳ್ಳೆ ಹೊಳಪಿನ ಕಪ್ಪು, ತಲೆ ತುಂಬ ಗುಂಗುರು ಕೂದಲು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಮೊಮ್ಮಗಳು ಬಣ್ಣಕ್ಕೆ ನಮ್ಮ ಕಡೆ, ಕೂದಲಿಗೆ ಅಮ್ಮನ ಕಡೆ. ಅದಕ್ಕೇ ಅವಳು ನಮಗೆಲ್ಲ ಗುಂಗುರಿ.

ಇವರು ಈ ಬೀದಿಗೆ ಬರುವ ಮೊದಲು ಎರಡು ಮನೆ ಬಿಟ್ಟಿದ್ದರು. ಒಂದು ಕಡೆ ಪಾರ್ಕಿನ ಹೆಂಗಸರು, ಈ ಮಗುವನ್ನು ನೋಡಿಕೊಳ್ಳೋಕೆ ಎಷ್ಟು ಸಂಬಳ ಕೊಡುತ್ತಾರೆ ಎಂದು ಹೆತ್ತ ತಾಯಿಯನ್ನೇ ಕೇಳಿದರು. ಅಂಗಡಿಯಲ್ಲಿ ಗಂಡ ಹೆಂಡತಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೂ ಬೇರೆ ಬೇರೆ ಬಿಲ್ಲು ಮಾಡಿದರು. ಇನ್ನೊಂದು ಕಡೆ ಯಾರೂ ಏನೂ ಕೇಳಲಿಲ್ಲ, ಮಾತೇ ಆಡಲಿಲ್ಲ. ಅದು ಇನ್ನೂ ಕಷ್ಟವಾಯಿತು ಎಂದು ಸೊಸೆ ಹೇಳಿದ್ದಳು.

ಈ ಸಲದ ಮನೆ ನೀಲಿ ಗೇಟಿನ ಮೇಲ್ಮಹಡಿ. ಸದ್ಯಕ್ಕೆ ಕೆಲವು ತಿಂಗಳ ಮಟ್ಟಿಗೆ ಬಂದಿದ್ದರು. ಇರುತ್ತೀರೋ ಬಿಡುತ್ತೀರೋ ಭಾನುವಾರ ಹೇಳಿಬಿಡಿ, ಬೇರೆಯವರು ಕೇಳುತ್ತಿದ್ದಾರೆ ಎಂದು ಮನೆ ಯಜಮಾನಿ ಗಡುವು ಕೊಟ್ಟಿದ್ದಳು. ಮಗನಿಗೆ ಇರುವ ಆಸೆ. ಸೊಸೆ ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಾನು ಬಂದು ಒಂದು ವಾರವಾಗಿತ್ತು. ಪಾತ್ರೆ ಒರೆಸುತ್ತಾ ಕೇಳಿಯೇಬಿಟ್ಟೆ, ನಿನ್ನ ಮನಸ್ಸಲ್ಲಿ ಏನಿದೆ ಎಂದು.

"ನಮ್ಮಂಥವರದು ಇನ್ನೊಂದು ಮನೆ ಇದ್ರೂ ಸಾಕು ಅತ್ತೆ," ಅಂದಳು. "ನೋಡು, ಅವರೂ ನಮ್ಮ ಹಾಗೇ ಅಂತ ಗುಂಗುರಿಗೆ ತೋರಿಸೋಕೆ. ಎಲ್ಲಿ ಹೋದ್ರೂ ನಾವೇ ಮೊದಲು, ನಾವೇ ಕೊನೆ ಅಂದ್ರೆ ನಂಗೆ ಸುಸ್ತಾಗುತ್ತೆ."

ಅಷ್ಟೇ ತಾನೆ, ಹುಡುಕಿದರಾಯಿತು ಎಂದುಕೊಂಡೆ. ರೈಲ್ವೆ ಟಿಕೆಟ್ ಕೌಂಟರಿನ ಹಿಂದೆ ಕೂತೇ ಕೂದಲು ಹಣ್ಣಾದವಳು ನಾನು. ಜನರ ಬಾಯಿ ಬಿಡಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುದಿನ ಬೀದಿ ತುದಿಯ ಪಾರ್ಲರಿಗೆ ಹೋಗಿ ತಲೆ ತೊಳೆಸಿಕೊಳ್ಳಲು ಕೂತೆ. ನಾನು ಯಾರು, ಯಾರ ಮನೆಯವಳು ಎಂದು ಹೇಳಿಕೊಳ್ಳಲಿಲ್ಲ. ಈ ಬೀದಿಯಲ್ಲಿ ಬೇರೆ ಬೇರೆ ಬಣ್ಣದ ಗಂಡ ಹೆಂಡತಿ ಯಾರಾದರೂ ಇದ್ದಾರಾ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಪಾರ್ಲರಿನವಳು ನೊರೆಗೈಯಲ್ಲೇ ಶುರು ಮಾಡಿದಳು. ಇದ್ದಾರೆ, ಹೊಸಬರು, ಆ ತುದಿಯಲ್ಲೆಲ್ಲೋ ಮನೆ. ಅವರಂಥವರು ಹೇಗಿರುತ್ತಾರೋ ಏನೋ ಅಂತ ನಮ್ಮಂಥವರಿಗೆ ಅನ್ನಿಸುತ್ತೆ ಅಲ್ಲವಾ, ಆದರೆ ಆ ಗಂಡಸು ಚಿನ್ನ. ಮಗುವಿನ ಗುಂಗುರು ಕೂದಲು ಸಿಕ್ಕು ಬಿಡಿಸಲು ಬರುವುದಿಲ್ಲ ಅಂತ ತಾನೇ ಬಂದು ಇಲ್ಲಿ ಕೂತು ಕಲಿತ. ಈಗ ದಿನಾ ತಾನೇ ಜಡೆ ಹಾಕುತ್ತಾನಂತೆ. ನಾನು ಹೂಂ ಹೂಂ ಎನ್ನುತ್ತಾ ತಲೆ ಒಡ್ಡಿದೆ.

ಮೊಮ್ಮಗಳ ಹಾಗೇ ಇನ್ನೊಂದು ಗುಂಗುರು ಮಗು ಕೂಡ ಇದೆ! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೇಕರಿಯವನನ್ನೂ ವಿಚಾರಿಸಿದೆ. ಅವನೂ ಅದೇ ಜೋಡಿಯ ಸುದ್ದಿ ತೆಗೆದ. ಗಂಡ ಬಟ್ಟೆ ಒಗೆದು ಒಣಹಾಕುತ್ತಾನೆ, ಬ್ರೆಡ್ಡಿಗೆ ಬಂದವನು ಹೆಂಡತಿಗೆ ಇಷ್ಟ ಅಂತ ಒಂದು ಬನ್ನೂ ಒಯ್ಯುತ್ತಾನೆ, ಇಬ್ಬರೂ ನಗುವುದು ಇಲ್ಲಿವರೆಗೆ ಕೇಳಿಸುತ್ತದೆ ಎಂದ. ಅಂಥ ಗಂಡನನ್ನು ಪಡೆಯೋಕೂ ಪುಣ್ಯ ಬೇಕು ಬಿಡಿ ಎಂದೆ. ನನ್ನ ಮಗ ಆ ಹೊತ್ತಿಗೆ ಸೋಫಾದ ಮೇಲೆ ಕಾಲು ಚಾಚಿ, ನೀರು ಕೊಡು ಎಂದು ಹೆಂಡತಿಗೆ ಹೇಳುತ್ತಾ ಕೂತಿದ್ದ. ಅವನಿಗೂ ಇವನಿಗೂ ಎಲ್ಲಿಂದೆಲ್ಲಿಯ ಸಂಬಂಧ!

ಮಗನ ಎದುರಿಗೆ ಬೇರೆ ಗಂಡಸನ್ನು ಹೊಗಳುವುದು ಬೇಡವೆಂದು ಜಡೆ, ಬಟ್ಟೆಯ ಮಾತು ಬಿಟ್ಟು, ಇನ್ನೊಂದು ಜೋಡಿ ಇದೆ, ಗುಂಗುರು ಮಗುವೂ ಇದೆಯಂತೆ, ಪಾರ್ಲರಿನವಳು ಹೇಳಿದಳು ಎಂದಷ್ಟೇ ಹೇಳಿದೆ. ಸೊಸೆಯ ಮುಖ ಅರಳಿತು. ನಿಜವಾಗಿಯೂನಾ ಅತ್ತೆ, ಮಗುವೂ ಇದೆಯಾ ಎಂದು ಮತ್ತೆ ಮತ್ತೆ ಕೇಳಿದಳು. ಮಗ ಮಾತ್ರ ಪಕ್ಕದಲ್ಲಿ ಕೂತು ಯಾಕೋ ಕೆಮ್ಮಿದ. ಶನಿವಾರ ಸೊಸೆ ಕೇಕು ಮಾಡಿದಳು, ಒಳ್ಳೆ ಬಟ್ಟೆ ಉಟ್ಟಳು, ಇಬ್ಬರೂ ಆ ಮನೆ ಹುಡುಕಿಕೊಂಡು ಹೊರಟೆವು. ಬೀದಿಯ ಉದ್ದಕ್ಕೂ ನಡೆದರೂ ಮನೆ ಗೊತ್ತಾಗಲಿಲ್ಲ. ವಾಪಸು ಬಂದು ನಮ್ಮ ಎದುರುಗಡೆಯ ಟೈಲರನ್ನು ನಾನೇ ಕೇಳಿದೆ. ಮಗುವಿಗೆ ಜಡೆ ಹಾಕುವ ಗಂಡಸಿನ ಮನೆ ಯಾವುದಪ್ಪಾ ಎಂದು.

ಅವನು ಹೊಲಿಗೆ ನಿಲ್ಲಿಸಿ ನನ್ನ ಪಕ್ಕ ನಿಂತ ಸೊಸೆಯನ್ನು ಕಣ್ಣು ಕಣ್ಣು ಬಿಟ್ಟು ನೋಡಿದ. "ಏನಮ್ಮಾ, ನಿಮ್ಮನೆಗೆ ನೀವೇ ದಾರಿ ಕೇಳ್ತಿದ್ದೀರಾ?" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಮೆಟ್ಟಿಲ ಮೇಲೆ ಕೂತು ಜಡೆ ಹಾಕೋದು ಇವರ ಯಜಮಾನ್ರೇ. ಒಂದು ವಾರದಿಂದ ಹಾಕ್ತಿಲ್ಲ. ಅವರ ತಾಯಿ ಬಂದಿದ್ದಾರಂತೆ, ಅದಕ್ಕೇ ಇರಬೇಕು."

ನಾನು ನೆಲ ನೋಡಿದೆ. ಸೊಸೆ ತುಟಿ ಕಚ್ಚಿಕೊಂಡು ಹೇಗೋ ರಸ್ತೆ ದಾಟಿದಳು, ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗುವಿನ ಮಧ್ಯೆಯೇ ಹೇಳಿದಳು: ಮಾಡುತ್ತಾನಂತೆ, ಎಲ್ಲ ಮಾಡುತ್ತಾನಂತೆ, ಅಮ್ಮನ ಮುಂದೆ ಮಾತ್ರ ನಾಚಿಕೆಯಂತೆ. ನಾನು ಮೇಲೆ ನೋಡಿದರೆ ಕಿಟಕಿಯಲ್ಲಿದ್ದ ಮಗ ತಲೆ ಒಳಗೆಳೆದುಕೊಂಡ.

ಸ್ವಲ್ಪ ಹೊತ್ತಿಗೆ ಅವಳ ನಗು ನಿಂತಿತು. "ಅಂದ್ರೆ ಇನ್ಯಾರೂ ಇಲ್ಲ," ಅಂದಳು. "ಇಲ್ಲೂ ನಾವೊಬ್ಬರೇ."

ನಾನು ಗಡಿಬಿಡಿಯಿಂದ, ಆದರೆ ಎಷ್ಟು ಹೊಗಳಿದರು ಗೊತ್ತಾ ಎಂದು ಪಾರ್ಲರಿನವಳದ್ದು, ಬೇಕರಿಯವನದ್ದು ಎಲ್ಲ ಒಪ್ಪಿಸಿದೆ. 'ಅವರಂಥವರು, ನಮ್ಮಂಥವರು' ಎಂದದ್ದನ್ನೂ ಹೇಳಿಬಿಟ್ಟೆ. ಸೊಸೆ ಪೂರ್ತಿ ಕೇಳಿಸಿಕೊಂಡಳು.

"ಆಗ ನೀವೇನಂದ್ರಿ ಅತ್ತೆ?"

"ಹೂಂ ಅಂದೆ," ಎಂದೆ.

ಅವಳು ಮೆಟ್ಟಿಲಿಂದ ಎದ್ದಳು. ಕೇಕಿನ ತಟ್ಟೆ ಎತ್ತಿಕೊಂಡು ಮೇಲೆ ಹೋದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಅಭ್ಯಾಸ. ಪಾರ್ಲರಿನವಳು ನನ್ನ ಬಣ್ಣ ನೋಡಿ ನನ್ನನ್ನು ತನ್ನ ಕಡೆಗೆ ಸೇರಿಸಿಕೊಂಡಳು, ನಾನೂ ಆರಾಮವಾಗಿ ಸೇರಿಕೊಂಡು ಕೂತಿದ್ದೆ. ತುಂಬ ನಾಚಿಕೆಯಾಯಿತು.

ಭಾನುವಾರ ಬೆಳಗ್ಗೆ ಸೊಸೆಯ ಕೈ ಹಿಡಿದು ಬೀದಿಗೆ ಎಳೆದೆ. ಪಾರ್ಲರಿನ ಬಾಗಿಲಲ್ಲಿ ನಿಂತು, ಇವಳು ನನ್ನ ಸೊಸೆ, ಆ ಜಡೆ ಹಾಕುವ ಮಹಾನುಭಾವ ನನ್ನ ಮಗ ಎಂದೆ. ಪಾರ್ಲರಿನವಳ ಮುಖ ಬಿಳಿಚಿಕೊಂಡಿತು. ತಾನೇನಾದರೂ ತಪ್ಪು ಮಾತಾಡಿದೆನಾ ಎಂದು ತೊದಲಿದಳು.

"ಒಳ್ಳೇದೇ ಹೇಳಿದ್ರಿ," ಎಂದೆ. "ಆದ್ರೆ 'ಅವರಂಥವರು' ಅನ್ನುವಾಗ ನನ್ನನ್ನೂ ಸೇರಿಸಿ. ನಾನು ಆ ಮನೆಯವಳು."

ಬೇಕರಿಯವನಿಗೆ ಹೇಳಿದೆ, ಟೈಲರಿಗೆ ಹೇಳಿದೆ, ನಾಯಿ ಹಿಡಿದು ಹೋಗುತ್ತಿದ್ದ ಪಾಪದ ಮುದುಕನನ್ನು ನಿಲ್ಲಿಸಿ ಹೇಳಿದೆ. ಸಾಕು ಅತ್ತೆ, ಮಾನ ಹೋಗ್ತಿದೆ ಎಂದು ಸೊಸೆ ನನ್ನ ಸೆರಗು ಜಗ್ಗಿದಳು. ಬಸ್ಸಿಗೆ ಕಾಯುತ್ತಿದ್ದ ಇಬ್ಬರಿಗೂ ಹೇಳಿದೆ. ಅವರು ಬೇರೆ ಊರಿನವರಂತೆ, ಆದರೂ ಸಂತೋಷ ಅಂದರು.

ಸಂಜೆ ಮನೆ ಯಜಮಾನಿ ಬಂದು ಏನು ತೀರ್ಮಾನ ಮಾಡಿದಿರಿ ಎಂದು ಕೇಳಿದಳು. ಮಗ ಹೆಂಡತಿಯ ಮುಖ ನೋಡಿದ. ನಾನೂ ನೋಡಿದೆ.

"ಇರ್ತೀವಿ," ಅಂದಳು ಸೊಸೆ. "ನಮ್ಮತ್ತೆ ಬಸ್ ಸ್ಟಾಪಿನವರೆಗೂ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಬೇರೆ ಬೀದಿಗೆ ಹೋದ್ರೆ ಪಾಪ, ಮತ್ತೆ ಮೊದಲಿಂದ ಶುರು ಮಾಡ್ಬೇಕಲ್ಲ ಇವರು."