ಒಂದೇ ಕಚ್ಚು

"ನೀವು ನೋಡಿ ಹೇಳೋವರೆಗೂ ಪೆಟ್ಟಿಗೆಗೆ ಹಾಕಲ್ಲ, ಅಳಿಯಂದ್ರೇ," ಎಂದು ಮಾವ ಆ ಬೆಳ್ಳಿ ನಾಣ್ಯವನ್ನು ದೊಡ್ಡಳಿಯನ ಅಂಗೈಯಲ್ಲಿಟ್ಟರು. ಮಾತು ಇವನ ಜೊತೆ; ಇನ್ನೊಂದು ಕೈ ಮಾತ್ರ ಪಕ್ಕದಲ್ಲಿ ಕೂತಿದ್ದ ಚಿಕ್ಕಳಿಯನ ಹೆಗಲ ಮೇಲಿತ್ತು. ನಾಣ್ಯ ತಂದವನು ಅವನು.

ದೊಡ್ಡಳಿಯ ಆ ಹೆಗಲ ಮೇಲಿನ ಕೈಯನ್ನೇ ನೋಡಿದ. ವಸ್ತುಸಂಗ್ರಹಾಲಯದ ನಾಣ್ಯ ವಿಭಾಗದಲ್ಲೇ ತಲೆ ನರೆಸಿಕೊಂಡವನು ಅವನು. ಮದುವೆಯ ಹೊಸತರಲ್ಲಿ, ಕೆಲಸಕ್ಕೂ ಹೊಸಬನಾಗಿದ್ದಾಗ, ಅವನು ಕೊಟ್ಟ ರೋಮನ್ ನಾಣ್ಯದಿಂದಲೇ ಮಾವನಿಗೆ ಈ ಹುಚ್ಚು ಹಿಡಿದದ್ದು. ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ದೊಡ್ಡಳಿಯಂದ್ರ ಕಣ್ಣಿಗೆ ಮಣ್ಣೆರಚೋನು ಇನ್ನೂ ಹುಟ್ಟಿಲ್ಲ" ಎನ್ನುತ್ತಿದ್ದರು. ಈ ಮನೆಯಲ್ಲಿ ಅವನಿಗಿದ್ದ ಬೆಲೆಯೆಲ್ಲ ಅದೊಂದೇ ಮಾತು. ಈಗ ಟೈಲ್ಸ್ ಮಾರುವ ಈ ಷಡ್ಡಕ, ಅಚ್ಚೊತ್ತಿದ ಅಸಲಿ ಯಾವುದು ಎರಕ ಹೊಯ್ದ ನಕಲಿ ಯಾವುದು ಅರಿಯದ ಆಸಾಮಿ, ಎಲ್ಲಿಂದಲೋ ಒಂದು ನಾಣ್ಯ ಹಿಡಿದು ಬಂದು ಮಾವನ ಮಗ್ಗುಲು ಸೇರಿದ್ದಾನೆ. ಕಾಫಿಯೂ ಮೊದಲು ಅವನಿಗೇ ಬಂದಿತ್ತು.

ನಕಲಿಯಾಗಿರಲಿ ದೇವರೇ ಎಂದುಕೊಂಡು ಅವನು ಕಿಟಕಿಯ ಬಳಿ ಹೋಗಿ ಭೂತಗನ್ನಡಿ ತೆಗೆದ.

ಎಲೆಯ ಕಿರೀಟ ತೊಟ್ಟ ಚಕ್ರವರ್ತಿ ಮುನಿಸಿಕೊಂಡವನಂತೆ ಪಕ್ಕಕ್ಕೆ ಮುಖ ಮಾಡಿದ್ದ. ಅಕ್ಷರ ಸರಿಯಿತ್ತು, ತೂಕವೂ ಕೈಗೆ ಸರಿಯೆನಿಸಿತು. ಛೆ, ಅಸಲಿಯೇ ಇರಬೇಕು ಎಂದು ಮೋರೆ ಸಪ್ಪಗಾಗುತ್ತಿರುವಾಗಲೇ ಚಕ್ರವರ್ತಿಯ ಕಿವಿಯ ಕೆಳಗೆ ಒಂದು ಕಚ್ಚು ಕಂಡಿತು. ನಿಜವಾದ ಪೆಟ್ಟಾದರೆ ಅದರ ಅಂಚು ಬೆರಳಿಗೆ ಚುಚ್ಚುವಷ್ಟು ಚೂಪಾಗಿರಬೇಕು. ಇದು ಚೀಪಿದ ಪೆಪ್ಪರ್‌ಮೆಂಟಿನಷ್ಟು ನುಣುಪು. ಅಂದರೆ ಪೆಟ್ಟು ಬಿದ್ದದ್ದು ಈ ನಾಣ್ಯಕ್ಕಲ್ಲ, ಬೇರೆ ಯಾವುದೋ ಹಳೆಯ ನಾಣ್ಯಕ್ಕೆ. ಯಾರೋ ಇತ್ತೀಚೆಗೆ ಅದರ ಪಡಿಯಚ್ಚು ತೆಗೆದು ಬೆಳ್ಳಿ ಎರೆದಿದ್ದಾರೆ. ಮುಖದ ಜೊತೆ ಗಾಯವೂ ಇಳಿದಿದೆ.

ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದಲ್ಲಿ ಒಂದಿಷ್ಟು ವ್ಯಥೆ ತಂದುಕೊಂಡು ತಿರುಗಿದ.

"ಮಾವ, ಬೇಜಾರು ಮಾಡ್ಕೋಬೇಡಿ, ಇದು..."

"ಕಿವಿ ಕೆಳಗಿನ ಕಚ್ಚು ನೋಡಿದ್ರಾ ಅಣ್ಣಾ?" ಚಿಕ್ಕಳಿಯ ತಡೆಯಲಾರದೆ ಎದ್ದೇಬಿಟ್ಟ. "ನಂಗೇನು ಗೊತ್ತಾಗುತ್ತೆ ಇದೆಲ್ಲ? ನೀವು ಮಾವನಿಗೆ ಕೊಟ್ಟಿದ್ದರ ಫೋಟೋ ಮೊಬೈಲಲ್ಲಿ ಇಟ್ಕೊಂಡು ಅಂಗಡಿ ಅಂಗಡಿ ತಿರುಗಿದೆ. ಅದರಲ್ಲಿರೋ ಕಚ್ಚು ಇದರಲ್ಲೂ ಅದೇ ಜಾಗದಲ್ಲಿದೆ! ಅಣ್ಣ ಆರಿಸಿದ್ದಕ್ಕೆ ತದ್ರೂಪು ಅಂದಮೇಲೆ ಅಸಲಿ ಅಲ್ದೆ ಇನ್ನೇನು ಅಂತ ಕಣ್ಣುಮುಚ್ಚಿ ತಗೊಂಡೆ."

ಮಾವ ಆಗಲೇ ಪೆಟ್ಟಿಗೆ ತಂದಿದ್ದರು. ಹಳೆಯ ನಾಣ್ಯವನ್ನು ತೆಗೆದು ಮೇಜಿನ ಮೇಲೆ ಹೊಸದರ ಪಕ್ಕ ಇಟ್ಟರು.

ದೊಡ್ಡಳಿಯ ಬಗ್ಗಿದ. ಕೊಟ್ಟ ಮೇಲೆ ಅದನ್ನು ಅವನು ಭೂತಗನ್ನಡಿಯಲ್ಲಿ ನೋಡಿರಲೇ ಇಲ್ಲ. ಒಂದೇ ಅಚ್ಚಿನಲ್ಲಿ ಹುಟ್ಟಿದ ನಾಣ್ಯಗಳ ಮುಖ ಒಂದೇ ಇರಬಹುದು, ಗಾಯ ಒಂದೇ ಇರಲು ಸಾಧ್ಯವಿಲ್ಲ. ಕೆಲಸಕ್ಕೆ ಬಂದ ಹೊಸಬರಿಗೆಲ್ಲ ಅವನೇ ಹೇಳಿಕೊಡುವ ಪಾಠ. ತನ್ನದೇ ಮೂಲ, ಷಡ್ಡಕನದು ಅದರ ನಕಲು ಎಂದುಬಿಡಲೇ? ಆ ಆಸೆಯಿಂದಲೇ ತನ್ನ ನಾಣ್ಯದ ಕಚ್ಚನ್ನು ಉಗುರಿನಿಂದ ಮುಟ್ಟಿದ. ಇದೂ ಅಷ್ಟೇ ನುಣುಪು; ಉಗುರು ಎಲ್ಲೂ ತೊಡರದೆ ಜಾರಿತು.

"ಏನಂತೀರಿ?" ಮಾವ ಕೇಳಿದರು.

ದೊಡ್ಡಳಿಯ ಭೂತಗನ್ನಡಿಯನ್ನು ಜೇಬಿಗೆ ಸೇರಿಸಿದ. "ಎರಡೂ ಒಂದೇ, ಮಾವ."

"ನೋಡಿದ್ರಾ! ದೊಡ್ಡಳಿಯಂದ್ರೇ ಹೇಳಿದ ಮೇಲೆ ಇನ್ನೇನು!" ಮಾವ ಹಿಗ್ಗಿಹೋದರು. ಚಿಕ್ಕಳಿಯ ನಾಚಿ ತಲೆ ಕೆರೆದುಕೊಂಡ. ಮಾವ ನಾಣ್ಯಗಳನ್ನು ಅಂಗೈಯಲ್ಲಿ ಕುಲುಕಿ, ಪೆಟ್ಟಿಗೆಯ ಒಂದೇ ಗೂಡಿನಲ್ಲಿ ಒಂದರ ಮೇಲೊಂದು ಇಟ್ಟು, ಚಿಕ್ಕಳಿಯನನ್ನು ಕರೆದುಕೊಂಡು ಊಟಕ್ಕೆ ಒಳಗೆ ಹೋದರು.

ದೊಡ್ಡಳಿಯ ಒಬ್ಬನೇ ಉಳಿದ. ಇಷ್ಟಾದ ಮೇಲೂ ಷಡ್ಡಕನ ನಾಣ್ಯ ತನ್ನದರ ಮೇಲೆ ಕೂತಿರಬಹುದೆಂಬುದು ಸಹಿಸಲಾಗಲಿಲ್ಲ. ತನ್ನದನ್ನು ಮೇಲಿಡೋಣವೆಂದು ಎರಡನ್ನೂ ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಈ ಕೈ, ಆ ಕೈ ನೋಡಿದ, ಮತ್ತೆ ತಿರುಗಿಸಿ ನೋಡಿದ. ಊಟ ಆರುತ್ತಿದೆಯೆಂದು ಒಳಗಿನಿಂದ ಹೆಂಡತಿ ಕರೆದಾಗಲೂ ತನ್ನದು ಯಾವುದೆಂದು ಅವನಿಗೆ ತಿಳಿದಿರಲಿಲ್ಲ.