ಮೂರನೆಯ ಫೋನು

ವಕೀಲಮ್ಮನ ಕಚೇರಿ ಟೈರ್ ಅಂಗಡಿಯ ಮೇಲಿತ್ತು. ಕೆಳಗೆ ಗಾಳಿ ತುಂಬುವ ಯಂತ್ರ ಆಗಾಗ ಬುಸುಗುಟ್ಟುತ್ತಿತ್ತು. ಅದು ಬುಸುಗುಟ್ಟಿದಾಗಲೆಲ್ಲ ವಕೀಲಮ್ಮ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದರು. ಎದುರಿಗೆ ಕೂತಿದ್ದ ಹುಡುಗಿಗೆ ಆ ನಡುವಿನ ಮೌನವೇ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಆ ಹುಡುಗಿಯನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ಚಿಕ್ಕಂದಿನಲ್ಲಿ ಬಾಯಿ ಮುಚ್ಚಿದ್ದೇ ಇಲ್ಲವಂತೆ, ಅದಕ್ಕೆ.

"ನೋಟಿಸು ನಿನ್ನೆನೇ ಹೋಯ್ತು. ಇಷ್ಟು ಹೊತ್ತಿಗೆ ಕಾಲೇಜಿನವರ ಕೈ ಸೇರಿರತ್ತೆ. ಇನ್ನು ಹೆದರ್ಸೋಕೆ ನೋಡ್ತಾರೆ, ನೀನು ಹೆದರ್ಕೋಬೇಡ" ಎಂದರು ವಕೀಲಮ್ಮ.

"ಗೊತ್ತು ಮೇಡಂ. ಮೊದ್ಲು ಮನೆಗೆ ಫೋನ್ ಬರತ್ತೆ. ಆಮೇಲೆ ಅಕ್ಕಪಕ್ಕದವರಿಗೆ. ಮೂರನೇದು ಫೀಸಿಗೆ ಜಾಮೀನು ಹಾಕಿದವರು ಕೆಲಸ ಮಾಡೋ ಜಾಗಕ್ಕೆ."

ವಕೀಲಮ್ಮನ ಪೆನ್ನು ನಿಂತಿತು. "ಇಷ್ಟು ಸಾಲಾಗಿ ನಿಂಗೆ ಹೇಗೆ ಗೊತ್ತು?"

"ನಾನೇ ಮಾಡ್ತಿದ್ದೆ."

ಕೆಳಗಿನ ಯಂತ್ರ ಬುಸುಗುಟ್ಟಿತು. ಸದ್ದು ಅಡಗಿದ ಮೇಲೆ ವಕೀಲಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

ಅದು ಉದ್ಯೋಗ ತರಬೇತಿ ಕಾಲೇಜು. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಗೋಡೆ ತುಂಬ ಬಿಳಿ ಕೋಟು ತೊಟ್ಟು ನಗುವವರ ಚಿತ್ರಗಳು. ಗುಬ್ಬಿ ಸೇರಿದ್ದು ಲ್ಯಾಬ್ ಟೆಕ್ನಿಷಿಯನ್ ಆಗಲು, ಎರಡು ವರ್ಷದ ಕೋರ್ಸಿಗೆ. ಇದ್ದ ಒಂದೇ ಒಂದು ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಪ್ರಾಕ್ಟಿಕಲ್ ಅಂತ ಹುಡುಗಿಯರನ್ನು ಸಾಲಾಗಿ ಕೂರಿಸಿ ಕೈಗೆ ಫೋನು ಕೊಟ್ಟರು. ರೋಗಿಗಳ ಜೊತೆ ಮಾತಾಡಲು ಅಭ್ಯಾಸವಾಗಬೇಕಲ್ಲ, ಅಂದರು ಮೇಷ್ಟ್ರು. ರೋಗಿಗಳು ಯಾರೂ ಇರಲಿಲ್ಲ. ಫೀಸು ಬಾಕಿ ಉಳಿಸಿಕೊಂಡ, ಇಲ್ಲವೇ ಕಟ್ಟದೆ ಬಿಟ್ಟುಹೋದ ಮಕ್ಕಳ ಮನೆಯವರಿದ್ದರು. ಎಂಥ ಚೆಂದದ ವಿದ್ಯಾಭ್ಯಾಸ ನೋಡಿ! ದುಡ್ಡು ಕೊಟ್ಟು ಸೇರಿದವರಿಂದಲೇ ದುಡ್ಡು ವಸೂಲಿ ಮಾಡಿಸುವುದು, ಅದೂ ಬಿಟ್ಟಿಯಾಗಿ.

ಗುಬ್ಬಿ ಆ ಕೆಲಸದಲ್ಲಿ ಎತ್ತಿದ ಕೈ. ಅವಳ ದನಿ ಬೆಣ್ಣೆ. ಮೂರನೆಯ ಫೋನಿಗೆ ಹೊಸ ಮಾತೊಂದನ್ನು ಹುಡುಕಿಕೊಟ್ಟವಳೂ ಅವಳೇ. ಜಾಮೀನು ಹಾಕಿದವರ ಯಜಮಾನರಿಗೆ ಫೋನು ಹಚ್ಚಿ, ಬಾಕಿಯ ಸುದ್ದಿಯನ್ನೇ ಎತ್ತದೆ, "ಅವರು ನಿಮ್ಮಲ್ಲಿ ದುಡ್ಡು ಮುಟ್ಟೋ ಕೆಲಸದಲ್ಲಿದ್ದಾರಾ ಸರ್?" ಎಂದು ಕೇಳುವುದು. ಅವರು ಹೌದು ಅಂದರೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಆಮೇಲೆ "ಸರಿ ಬಿಡಿ ಸರ್, ಏನಿಲ್ಲ" ಎಂದು ಇಟ್ಟುಬಿಡುವುದು. ಅದರಲ್ಲಿ ಒಂದು ಸುಳ್ಳಿಲ್ಲ, ಒಂದು ಬೈಗುಳವಿಲ್ಲ. ಮೇಷ್ಟ್ರು ಚಪ್ಪಾಳೆ ತಟ್ಟಿ, ಅದನ್ನು ಎಲ್ಲ ಹುಡುಗಿಯರಿಗೂ ಬಾಯಿಪಾಠ ಮಾಡಿಸಿದರು.

ಒಂದು ದಿನ ಅವಳದೇ ತರಗತಿಯ ಹುಡುಗಿಯೊಬ್ಬಳು ಕಣ್ಣು ಊದಿಸಿಕೊಂಡು ಬಂದು, ಬೆಂಚಿನ ಮೇಲಿದ್ದ ಚೀಲ ಎತ್ತಿಕೊಂಡು ಹೊರಟುಹೋದಳು. ಉಗ್ರಾಣ ನೋಡಿಕೊಳ್ಳುತ್ತಿದ್ದ ಅವಳಪ್ಪನನ್ನು ಕೆಲಸದಿಂದ ಬಿಡಿಸಿದ್ದರಂತೆ. ಆ ಉಗ್ರಾಣಕ್ಕೆ ಫೋನು ಮಾಡಿದ್ದು ಗುಬ್ಬಿಯೇ. ಮಾರನೆಯ ದಿನದಿಂದ ಗುಬ್ಬಿಯೂ ಕಾಲೇಜಿಗೆ ಹೋಗಲಿಲ್ಲ. ಕಾಲೇಜಿನವರು ಎರಡೂ ವರ್ಷದ ಫೀಸು ಪೂರ್ತಿ ಕಟ್ಟು ಎಂದು ಪಟ್ಟು ಹಿಡಿದರು, ಅವಳ ಮಾರ್ಕ್ಸ್‌ಕಾರ್ಡುಗಳನ್ನು ಇಟ್ಟುಕೊಂಡರು. ಫೀಸು ಕೇಳಬೇಡಿ, ಕಾರ್ಡು ವಾಪಸ್ ಕೊಡಿ ಎಂದೇ ವಕೀಲಮ್ಮ ನೋಟಿಸು ಕಳಿಸಿದ್ದು. ಜಾಮೀನಿಗೆ ಸಹಿ ಹಾಕಿದ್ದವಳು ಅವಳಕ್ಕ. ಅಕ್ಕ ಔಷಧಿ ಅಂಗಡಿಯೊಂದರಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದಳು. ಮನೆ ನಡೆಯುತ್ತಿದ್ದದ್ದೇ ಆ ಸಂಬಳದಲ್ಲಿ.

"ಇದನ್ನ ನೋಟಿಸು ಬರೆಯೋಕೆ ಮುಂಚೆ ಹೇಳ್ಬೇಕಿತ್ತು" ಎಂದರು ವಕೀಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಗುಬ್ಬಿಗೆ ಇನ್ನಷ್ಟು ಚುಚ್ಚಿತು. "ನಿಮ್ಮಕ್ಕಂಗೆ ಗೊತ್ತಾ?"

"ಕಾಲೇಜು ಬಿಟ್ಟಿದ್ದು ಗೊತ್ತು. ಪಾಠ ಸರಿಯಿಲ್ಲ ಅಂತ ಹೇಳಿದ್ದೀನಿ. ಇದು ಗೊತ್ತಿಲ್ಲ."

"ನೋಟಿಸು ವಾಪಸ್ ತಗೊಂಡ್ರೆ?" ಎಂದು ಗುಬ್ಬಿಯೇ ಮೆಲ್ಲಗೆ ಸೇರಿಸಿದಳು.

"ತಗೊಂಡ್ರೆ ಪೂರ್ತಿ ದುಡ್ಡು ಕಟ್ಟಬೇಕು. ಕಟ್ಟೋತನಕ ಫೋನೂ ನಿಲ್ಲಲ್ಲ." ವಕೀಲಮ್ಮ ಮುಂದೆ ಬಾಗಿದರು. "ನೋಡು, ಕೋರ್ಟಲ್ಲಿ ನಾನು ಮಾತಾಡ್ತೀನಿ. ನಿಮ್ಮಕ್ಕನ ಅಂಗಡಿಯಲ್ಲಿ ನನ್ನ ಮಾತು ನಡೆಯಲ್ಲ. ಆ ಫೋನು ಹೋಗೋಕೆ ಮುಂಚೆ ನೀನು ಹೋಗು. ಅಕ್ಕಂಗೂ ಹೇಳು, ಯಜಮಾನರಿಗೂ ಹೇಳು. ಇವತ್ತೇ."

ಇವತ್ತೇ ಹೇಳುತ್ತೇನೆ ಎಂದುಕೊಂಡೇ ಗುಬ್ಬಿ ಮೆಟ್ಟಿಲಿಳಿದಳು. ಆದರೆ ಅಕ್ಕ ಆ ಸಂಜೆ ನಗುತ್ತಾ ಬಂದಳು. ಅಂಗಡಿಯ ಯಜಮಾನರು ನಾಡಿದ್ದು ಊರಿಗೆ ಹೋಗುವವರು, ಬೀಗದಕೈ ಗೊಂಚಲನ್ನು ಮಗನಿಗೆ ಕೊಡದೆ ಈಗಲೇ ತನಗೆ ಕೊಟ್ಟರಂತೆ, ಮಗನ ಮುಖ ಸುಟ್ಟ ಬದನೆಕಾಯಿ ಆಗಿತ್ತಂತೆ. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಇಂಥ ಹೊತ್ತಿನಲ್ಲಿ ಯಾವ ಬಾಯಲ್ಲಿ ಹೇಳುವುದು?

ಅಷ್ಟರಲ್ಲಿ ಅಮ್ಮನ ಫೋನು ಹೊಡೆದುಕೊಂಡಿತು.

"ಹೌದಮ್ಮ... ನಾನೇ ಅವಳ ತಾಯಿ... ಊಟ ಆಯ್ತಮ್ಮ, ನಿಂದು?" ಅಮ್ಮ ಹಿಗ್ಗಿ ಹೀರೇಕಾಯಿ ಆದಳು. ಫೋನಿಟ್ಟ ಮೇಲೆ, "ನಿಮ್ಮ ಕಾಲೇಜಿಂದ ಕಣೇ. ಎಷ್ಟು ಒಳ್ಳೆ ಹುಡುಗಿ! ನನ್ನ ಮಂಡಿನೋವಿನ ಬಗ್ಗೆ ಎಲ್ಲ ಕೇಳಿದ್ಲು" ಎಂದಳು.

ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ತಿಳಿದುಕೊಳ್ಳುವುದು ಮೊದಲ ಫೋನಿನ ಪಾಠ. ಆ ದನಿ ಫೋನಿನಾಚೆಯಿಂದ ಗುಬ್ಬಿಗೂ ತೆಳ್ಳಗೆ ಕೇಳಿಸಿತ್ತು. ತರಗತಿಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಹುಡುಗಿಯದು. ಮಾತು ತಡವರಿಸದಂತೆ ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂದು ಅವಳಿಗೆ ಹೇಳಿಕೊಟ್ಟವಳೂ ಗುಬ್ಬಿಯೇ.

ಮಾರನೆಯ ದಿನ ಕೆಳಗಿನ ಮನೆಯ ಆಂಟಿ ಸಕ್ಕರೆ ಕೇಳುವ ನೆಪದಲ್ಲಿ ಮೇಲೆ ಬಂದರು. ಸಕ್ಕರೆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ, "ಅಲ್ಲಾ, ಏನೋ ಕೋರ್ಟು ಗೀರ್ಟು ಅಂತೆ? ಯಾರೋ ಫೋನ್ ಮಾಡಿ ನೀವು ಮನೆ ಖಾಲಿ ಮಾಡ್ತಿದ್ದೀರಾ ಅಂತ ಕೇಳಿದ್ರು" ಎಂದರು. ಅಮ್ಮ ಪೆಚ್ಚಾಗಿ ಗುಬ್ಬಿಯತ್ತ ನೋಡಿದಳು. ಆಂಟಿ ಹೋಗುವಾಗ ಸಕ್ಕರೆ ಮರೆತು ಹೋದರು.

ಇನ್ನು ಉಳಿದದ್ದು ಒಂದೇ. ಗುಬ್ಬಿ ಚಪ್ಪಲಿ ಮೆಟ್ಟಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು. ನಿನ್ನೆಯೇ ಹೇಳಿದ್ದರೆ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡಳು. ಬಸ್ ನಿಲ್ದಾಣ ದಾಟಿ, ಆಸ್ಪತ್ರೆಯ ಗೋಡೆ ಬಳಸಿ ಅಂಗಡಿ ಮುಟ್ಟಿದಳು. ಅಂಗಡಿಯ ಮುಂದೆ ಔಷಧಿ ಚೀಟಿ ಹಿಡಿದ ಜನ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಅವರ ತಲೆಗಳ ನಡುವೆ ಅಕ್ಕ ಕಂಡಳು. ಒಂದು ಕೈಯಲ್ಲಿ ನೋಟು ತೆಗೆದುಕೊಳ್ಳುತ್ತಾ, ಇನ್ನೊಂದರಲ್ಲಿ ಚಿಲ್ಲರೆ ಕೊಡುತ್ತಾ, ಯಾರೋ ಅಜ್ಜನಿಗೆ ಮಾತ್ರೆ ಯಾವಾಗ ನುಂಗಬೇಕೆಂದು ಹೇಳುತ್ತಿದ್ದಳು.

"ಏನೇ ಗುಬ್ಬಿ, ಇಲ್ಲಿ? ಅಮ್ಮ ಹುಷಾರಾಗಿದ್ದಾಳೆ ತಾನೆ?"

"ಹುಷಾರಾಗಿದ್ದಾಳೆ. ಅಕ್ಕಾ, ಯಜಮಾನರ ಹತ್ರ ಸ್ವಲ್ಪ..."

ಯಜಮಾನರು ಅಕ್ಕನ ಹಿಂದೆಯೇ ನಿಂತಿದ್ದರು. ಅವರ ಕಿವಿಯಲ್ಲಿ ಆಗಲೇ ಫೋನಿತ್ತು.

"ಹೌದು... ನಮ್ಮಲ್ಲೇ ಇದ್ದಾರೆ" ಎನ್ನುತ್ತಿದ್ದರು. "ಬಹಳ ವರ್ಷದಿಂದ... ಹೌದು, ಕ್ಯಾಶಲ್ಲೇ. ಯಾಕೆ?"

ಆಮೇಲೆ ಸುಮ್ಮನಾದರು. ಆ ಕಡೆಯವಳು ಸುಮ್ಮನಿದ್ದಾಳೆ ಎಂದು ಗುಬ್ಬಿಗೆ ಗೊತ್ತು. ಆ ಮೌನ ಎಷ್ಟು ಹೊತ್ತು ಇರಬೇಕೋ ಅಷ್ಟೇ ಹೊತ್ತು ಇತ್ತು, ಒಂದು ಚೂರೂ ಹೆಚ್ಚುಕಡಿಮೆ ಇಲ್ಲ. ಯಜಮಾನರ ಕಣ್ಣು ಮೆಲ್ಲಗೆ ಅಕ್ಕನ ಬೆನ್ನಿನ ಮೇಲಿಂದ ಜಾರಿ ತೆರೆದಿದ್ದ ಗಲ್ಲಾಪೆಟ್ಟಿಗೆಗೆ ಬಂದು ನಿಂತಿತು.

"ಹಲೋ? ಹಲೋ?" ಎಂದು ಅವರು ಫೋನು ಇಳಿಸಿದರು.

ಅವರು ಒಳ್ಳೆಯವರು. ಕೂಗಾಡಲಿಲ್ಲ. ಅಕ್ಕನ ಪಕ್ಕಕ್ಕೆ ಬಂದು, "ಇವತ್ತು ನೀನು ಒಳಗೆ ಸ್ಟಾಕ್ ನೋಡ್ಕೋಮ್ಮ. ಇಲ್ಲಿ ಮಗ ಕೂರ್ತಾನೆ" ಎಂದರು. ದನಿ ಎಂದಿನಂತೆ ಮೃದುವಾಗಿತ್ತು.

"ಯಾಕೆ ಸರ್? ಏನಾಯ್ತು?"

"ಏನಿಲ್ಲ, ಏನಿಲ್ಲ. ಒಂದಷ್ಟು ದಿನ."

ಗುಬ್ಬಿಗೆ ತಡೆಯಲಾಗಲಿಲ್ಲ. ಜನರನ್ನು ತಳ್ಳಿಕೊಂಡು ಮುಂದೆ ಬಂದು, "ಸರ್, ಅದು ಬೇಕೂಂತ ಮಾಡಿಸೋ ಫೋನು! ನಮ್ಮಕ್ಕ ನನ್ನ ಫೀಸಿಗೆ ಜಾಮೀನು ಹಾಕಿದ್ದಾಳೆ ಅಷ್ಟೇ, ಬೇರೇನೂ ಮಾಡಿಲ್ಲ. ಕಾಲೇಜಿನವರು ಹೆದರ್ಸೋಕೆ ಹೀಗೆ ಕೇಳಿಸ್ತಾರೆ. ಆ ಪ್ರಶ್ನೆ ನಾನೇ ಹೇಳಿಕೊಟ್ಟಿದ್ದು, ಎಷ್ಟೋ ಜನರಿಗೆ ನಾನೇ ಕೇಳಿದ್ದೀನಿ, ಅದರಲ್ಲಿ ಏನೂ ಹುರುಳಿಲ್ಲ ಸರ್!" ಎಂದಳು. ಆ ಬೆಣ್ಣೆಯಂಥ ದನಿ ಒಡೆದು ಕೀರಲಾಗಿತ್ತು.

ಚೀಟಿ ಹಿಡಿದ ಕೈಗಳು ಹಾಗೇ ನಿಂತವು. ಯಜಮಾನರು ಗುಬ್ಬಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವರ ಮುಖದಲ್ಲಿ ಇಷ್ಟೊತ್ತು ಇದ್ದ ಅನುಮಾನ ಈಗ ಗಟ್ಟಿಯಾಯಿತು.

"ಜಾಮೀನು ಹಾಕಿ ನಿನ್ನನ್ನ ಓದಿಸಿದ್ದು ಇವಳೇ ತಾನೆ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. "ಹೀಗೆಲ್ಲ ಮಾಡೋರ ಮನೆ ಅಂದ ಮೇಲೆ ನಾನು ಯಾರನ್ನ ನಂಬ್ಲಿ?"

ಅಕ್ಕ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಗಾಜಿನ ಮೇಲಿಟ್ಟಳು. ಯಜಮಾನರ ಮಗ ಅದನ್ನು ಎತ್ತಿಕೊಂಡು, ಅವಳು ಎದ್ದ ಕುರ್ಚಿಯಲ್ಲಿ ಕೂತ. ಚೀಟಿಗಳು ಮತ್ತೆ ಮುಂದೆ ಚಾಚಿದವು.

ಒಳಕೋಣೆಯಲ್ಲಿ ಅಟ್ಟದವರೆಗೂ ರಟ್ಟಿನ ಪೆಟ್ಟಿಗೆಗಳಿದ್ದವು. ಗುಬ್ಬಿ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದಳು. ಅಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತು ತನ್ನ ಖಾಲಿ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

"ಫೋನ್ ಮಾಡಿದ್ದು ಯಾರು ಅಂತ ನಿಂಗೆ ಗೊತ್ತಾ?" ಎಂದಳು ಕೊನೆಗೆ.

"ನನ್ನ ಪಕ್ಕ ಕೂರ್ತಿದ್ದ ಹುಡುಗಿ. ಕೆಟ್ಟವಳಲ್ಲ ಅಕ್ಕಾ. ಮಾಡದಿದ್ರೆ ಪಾಸು ಮಾಡಲ್ಲ ಅಂತಾರೆ."

"ಅವಳಿಗೆ ಜಾಮೀನು ಯಾರು?"

"ಅವಳಕ್ಕ" ಎಂದಳು ಗುಬ್ಬಿ. "ಬ್ಯಾಂಕಲ್ಲಿದ್ದಾಳೆ. ಅವಳೂ ಕ್ಯಾಶಲ್ಲೇ."

ಅಕ್ಕ ಎದ್ದು, ಹತ್ತಿರದ ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು, ಒಳಗಿದ್ದ ಬಾಟಲಿಗಳನ್ನು ಎಣಿಸತೊಡಗಿದಳು.