ತಾಮ್ರದ ಟೇಪಿನಲ್ಲಿ ಸುಣ್ಣ

ಯಮುನಾ ಕಟ್ಟಿದ ಕಣ್ಣು ಸುಳ್ಳು ಹೇಳುತ್ತದೆ ಅಂತ ಅಮರನಾಥರು ತೀರ್ಮಾನ ಮಾಡಿಬಿಟ್ಟಿದ್ದರು. ಮಧ್ಯಾಹ್ನದ ಊಟ ಮುಗಿದ ಮೇಲೆ ಅದನ್ನು ಬಿಚ್ಚಿ ಮೂಲೆಗಿಡುವುದು, ಅದರ ಜಾಗಕ್ಕೆ ಹಳೇ ಕಾಲದ ಫಿಲಂ ಹಾಕುವುದು. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯ ಆ ಲೇಸರ್ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರು. ಅವರ ಮಾತು ಅಂದರೆ ಮುಗಿಯಿತು.

ಕಣ್ಣು ಅಂದರೆ ನಮ್ಮ ನಿಮ್ಮ ಕಣ್ಣಲ್ಲ. ಅದರ ಕಥೆ ಹೇಳದಿದ್ದರೆ ಯಮುನಾಳ ಸಂಕಟ ನಿಮಗೆ ತಿಳಿಯುವುದಿಲ್ಲ, ಸ್ವಲ್ಪ ತಾಳಿ. ಅಲ್ಲೊಂದು ಉಕ್ಕಿನ ಹಂಡೆ, ಒಳಗೆ ಗಾಳಿಯ ಸುಳಿವೂ ಇಲ್ಲ. ಹಂಡೆಯ ನಡುವೆ ತಾಮ್ರದ ಟೇಪು ಒಂದು ರೀಲಿನಿಂದ ಬಿಚ್ಚಿಕೊಂಡು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತ ಓಡುತ್ತದೆ. ಅದರ ಮೇಲೆ ಲೇಸರ್ ಬೀಳುತ್ತದೆ, ಸೆಕೆಂಡಿಗೆ ಹತ್ತು ಸಲ. ಬೀಳುವ ಜಾಗ ಕೂದಲೆಳೆಯಷ್ಟು. ಆದರೆ ಅಲ್ಲಿ ಏಳುವ ಬಿಸಿ, ಅಯ್ಯಪ್ಪಾ, ಸೂರ್ಯನ ಮೈ ಅದರ ಮುಂದೆ ತಣ್ಣನೆ ಮಜ್ಜಿಗೆ! ಒಮ್ಮೆ ಹೊಡೆದ ಜಾಗದಲ್ಲಿ ತಾಮ್ರವೇ ಉಳಿದಿರುವುದಿಲ್ಲ. ಅದಕ್ಕೇ ಟೇಪು ಓಡಬೇಕು, ಪ್ರತಿ ಸಲವೂ ಹೊಸ ಜಾಗ ಒಡ್ಡಬೇಕು. ಕೊನೆ ಮುಟ್ಟಿದ ಮೇಲೆ ಹಿಂದಕ್ಕೆ ಸುತ್ತಿ, ಒಂದು ಕೂದಲಿನಷ್ಟು ಕೆಳಗಿಳಿಸಿ, ಮತ್ತೊಂದು ಸಾಲು ಹೊಡೆಯುತ್ತಾರೆ. ಹೊಲ ಉತ್ತ ಹಾಗೆ, ಸಾಲಿನ ಪಕ್ಕ ಸಾಲು.

ಇಂಥ ಬಿರುಸನ್ನು ಫಿಲಂ ನೋಡಲಾರದು. ಫಿಲಂ ಅಂದರೆ ಒಂದು ಹೊಡೆತ, ಆಮೇಲೆ ಹಂಡೆ ತೆಗಿ, ಫಿಲಂ ತೊಳಿ, ಬೇರೆ ಹಾಕು, ಮತ್ತೆ ಮುಚ್ಚು. ದಿನಕ್ಕೆ ನಾಲ್ಕಾದರೆ ಹಬ್ಬ. ಯಮುನಾ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಡಿಟೆಕ್ಟರ್ ಒಂದೊಂದು ಹೊಡೆತವನ್ನೂ ನೋಡಿ, ಮುಂದಿನದು ಬೀಳುವುದರೊಳಗೆ ಕಂಡದ್ದನ್ನು ಹೇಳಿ ಮುಗಿಸುತ್ತಿತ್ತು. ಆ ಬಿಸಿಯಲ್ಲಿ ಹುಟ್ಟುವ ಎಕ್ಸ್‌ರೇಯನ್ನು ಒಂದು ಹರಳು, ಯಾವ ವಸ್ತುವಿನದೋ ಅದಕ್ಕೆ ತಕ್ಕಂತೆ, ಬೇರೆ ಬೇರೆ ಕಡೆ ತಿರುಗಿಸುತ್ತದೆ. ಎಕ್ಸ್‌ರೇ ತಾಗಿದರೆ ನೀಲಿಯಾಗಿ ಮಿನುಗುವ ಒಂದು ಹಾಳೆ, ಹಿಂದೆ ಒಂದು ಕ್ಯಾಮೆರಾ. ತಾಮ್ರದ ಕಿರಣ ಹಾಳೆಯ ಒಂದು ಕಡೆ ಬೀಳುತ್ತದೆ, ಕಬ್ಬಿಣದ್ದು ಇನ್ನೊಂದು ಕಡೆ, ಸುಣ್ಣದ್ದು ಬೇರೆಯೇ ಕಡೆ. ಅದಕ್ಕೇ ಎಲ್ಲರೂ ಅದನ್ನು ಕಣ್ಣು ಅನ್ನುತ್ತಿದ್ದರು.

ಆ ಕಣ್ಣು ಕೆಲವು ದಿನದಿಂದ ಒಂದೇ ಹಟ ಹಿಡಿದಿತ್ತು. ಅಪ್ಪಟ ತಾಮ್ರದ ಟೇಪಿನಲ್ಲಿ, ಮೊದಲ ಸುತ್ತು ಬಿಚ್ಚಿಕೊಳ್ಳುವಾಗಲೇ, ಸುಣ್ಣ ಇದೆ ಅನ್ನುತ್ತಿತ್ತು.

"ತಾಮ್ರದಲ್ಲಿ ಸುಣ್ಣ ಎಲ್ಲಿಂದ ಬಂತಮ್ಮ?" ಅಂದಿದ್ದರು ಅಮರನಾಥರು ಬೆಳಿಗ್ಗೆ. "ನಿನ್ನ ಯಂತ್ರ ಎಲೆ ಅಡಿಕೆ ಹಾಕ್ಕಂಡಿತ್ತಾ?"

"ಟೇಪಲ್ಲೇ ಏನೋ ಅದೆ ಸಾ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಊಟ ಆದ್ಮೇಲೆ ಬಿಚ್ಚಿಡು."

ಯಮುನಾಗೆ ಊಟ ಎಲ್ಲಿ ಸೇರುತ್ತದೆ? ಅರಕಲಗೂಡಿನ ಕಡೆಯ ಹಳ್ಳಿಯಿಂದ ಬಂದ ಹುಡುಗಿ, ಅಳುವುದಕ್ಕಿಂತ ಸಿಟ್ಟಾಗುವುದೇ ಅವಳ ಜಾಯಮಾನ. ಆವತ್ತು ಎರಡೂ ಒಟ್ಟಿಗೆ ಬಂದವು. ಟೇಪು ಸುತ್ತುವ ಮಂಜೇಶನ ಮೇಲೆ ಹರಿಹಾಯ್ದಳು.

"ನೀನೇ ಏನಾರ ಮೆತ್ತಿದ್ಯಾ? ನಿಜ ಹೇಳ್ಲಾ!"

"ಗ್ಲೌಸ್ ಇಲ್ದೆ ಮುಟ್ಟೇ ಇಲ್ಲ ಕಣಕ್ಕ, ನಮ್ಮವ್ವನಾಣೆ," ಅಂದ ಅವನು. "ಕಿಟಕೀಲಿ ನೋಡು, ತೊಳೆದ ಚೊಂಬಿನಂಗೆ ಒಳೀತಾ ಅದೆ."

ಹೌದು, ಹಂಡೆಯ ಗಾಜಿನಿಂದ ಎಷ್ಟು ಇಣುಕಿದರೂ ತಾಮ್ರದ ಹೊಳಪು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ಯಮುನಾ ಸೋಲಲಿಲ್ಲ. ಸುಳ್ಳು ಹೇಳುವವರು ದಿನಕ್ಕೊಂದು ಥರ ಹೇಳುತ್ತಾರೆ. ಈ ಕಣ್ಣು ಪ್ರತಿ ಸಾಲಿನಲ್ಲೂ ಅದೇ ಜಾಗ ತೋರಿಸುತ್ತಿದೆಯಲ್ಲ! ಇಷ್ಟು ದಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಟೇಪಿನ ಮೇಲೆ ಅವು ಹೇಗಿವೆಯೋ ಹಾಗೇ, ಒಂದರ ಕೆಳಗೆ ಒಂದನ್ನು ಜೋಡಿಸಿದರೆ? ಸುಣ್ಣ ಕಂಡ ಹೊಡೆತಕ್ಕೆಲ್ಲ ಒಂದು ಬಿಳಿ ಚುಕ್ಕಿ ಇಡುತ್ತ ಪರದೆಯ ಮೇಲೆ ಸಾಲು ಹಾಕತೊಡಗಿದಳು.

ಮೊದಲು ಏನೋ ಮೊಟ್ಟೆಯಾಕಾರದ ಮಚ್ಚೆ ಮೂಡಿತು. ಇನ್ನಷ್ಟು ಸಾಲು ಸೇರಿದ ಮೇಲೆ ಮಚ್ಚೆಯೊಳಗೆ ಗೆರೆ ಕಂಡವು. ಗೆರೆಗಳು ಬಾಗಿದವು, ಒಂದರೊಳಗೊಂದು ಸುತ್ತಿಕೊಂಡವು.

ಮಂಜೇಶ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾ, ಇದು ಬೆರಳು ಕಣಕ್ಕ!"

ಯಮುನಾಳ ಮೈಯೆಲ್ಲ ಜುಮ್ಮೆಂದಿತು. ಸೂರ್ಯನನ್ನು ಮೀರಿಸುವ ಬೆಂಕಿ ಕ್ಷಣಕ್ಷಣಕ್ಕೂ ಹುಟ್ಟಿ ಸಾಯುತ್ತಿದೆ, ಅದರ ನಡುವೆ ಯಾರೋ ಮೆಲ್ಲಗೆ ಬೆರಳಿಟ್ಟು ಹೋದ ಗುರುತು! ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು, ಅದನ್ನು ತಾನು ಕಟ್ಟಿದ ಯಂತ್ರ ಚುಕ್ಕಿ ಚುಕ್ಕಿಯಾಗಿ ಕಂಡಿದೆ. ದೇವರೇ, ಇದು ನನ್ನಿಂದ ಆದದ್ದಾ ಅಂದುಕೊಂಡಳು. ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಅಮರನಾಥರು ಬಂದರು. "ಇನ್ನೂ ಬಿಚ್ಚಿಲ್ವಾ?"

ಯಮುನಾ ಪರದೆ ತೋರಿಸಿದಳು. ಟೇಪು ಓಡುತ್ತಲೇ ಇತ್ತು. ಹೊಸ ಸಾಲೊಂದು ಬಂದು ಕೆಳಗೆ ಸೇರಿಕೊಂಡಿತು. ಬೆರಳಿನ ಗೆರೆಗಳನ್ನು ಅಡ್ಡಡ್ಡ ಕತ್ತರಿಸಿ, ಓರೆಯಾಗಿ ಒಂದು ಖಾಲಿ ಗೀರು ಹಾದುಹೋಗಿತ್ತು.

"ಇದು ಗಾಯದ ಕಲೆ ಸಾ," ಅಂದ ಮಂಜೇಶ, ತನ್ನ ಹತ್ತೂ ಬೆರಳನ್ನು ಚಾಚಿ. "ನೋಡಿ, ನಂದಂತೂ ಅಲ್ಲ."

ಅಮರನಾಥರು ನಗಲಿಲ್ಲ. ಪರದೆಗೆ ಮುಖ ಹತ್ತಿರ ಮಾಡಿದರು. ಆಮೇಲೆ ತಮ್ಮ ಬಲಗೈ ಎತ್ತಿ, ಉಂಗುರ ಬೆರಳನ್ನು ಬೆಳಕಿಗೆ ಹಿಡಿದರು. ಚನ್ನರಾಯಪಟ್ಟಣದ ತೋಟದಲ್ಲಿ ಎಳನೀರು ಕೆತ್ತುವಾಗ ಎಂದೋ ಮಚ್ಚು ತಾಗಿದ ಕಲೆ, ಬೆರಳ ತುದಿಯಲ್ಲಿ ಓರೆಯಾಗಿ ಬಿಳಿಚಿಕೊಂಡಿತ್ತು.

"ಆಯುಧಪೂಜೆ ದಿನ," ಅಂದರು ಅವರು ಮೆಲ್ಲಗೆ. "ಹಂಡೆ ಹತ್ರ ಅರಿಶಿನ ಕುಂಕುಮ ಕಂಡ್ರೆ ಹುಷಾರ್ ಅಂತ ನಿಮ್ಮನ್ನೆಲ್ಲ ಬೈದು ಕಳಿಸಿದ್ನಲ್ಲ. ನೀವು ಹೋದ್ಮೇಲೆ ಮನಸ್ಸು ತಡೀಲಿಲ್ಲ. ವರ್ಷವೆಲ್ಲ ಈ ಯಂತ್ರ ನನ್ನ ಹೊಟ್ಟೆ ಉರಿಸಿತ್ತು. ನಮ್ಮವ್ವ ಮನೇಲಿ ಮಾಡಿದ ಕುಂಕುಮ ಜೇಬಲ್ಲಿತ್ತು, ನೀರಲ್ಲಿ ಕಲಸಿ ರೀಲಿಗೆ ಒಂದು ಬೊಟ್ಟು ಇಟ್ಬಿಟ್ಟೆ. ಆಮೇಲೆ ನಾಚಿಕೆಯಾಗಿ ಬಟ್ಟೆ ಒತ್ತಿ ತೆಗೆದ್ಬಿಟ್ಟೆ. ಒಂದು ಚೂರೂ ಕಾಣ್ತಿರ್ಲಿಲ್ಲ ಕಣಮ್ಮ."

"ಅರಿಶಿನಕ್ಕೆ ಸುಣ್ಣ ಬೆರೆಸಿದ್ರೆ ತಾನೆ ಸಾ ಕುಂಕುಮ," ಅಂದಳು ಯಮುನಾ. ಬೆಳಿಗ್ಗೆಯಿಂದ ನುಂಗಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. ಇಷ್ಟು ದೊಡ್ಡ ಮನುಷ್ಯ ಯಾರೂ ಇಲ್ಲದಾಗ ಒಬ್ಬರೇ ನಿಂತು ಬೊಟ್ಟಿಟ್ಟದ್ದನ್ನು ನೆನೆದು ಕರುಳು ಚುರುಕ್ ಅಂದಿತು.

ಅಮರನಾಥರು ಪರದೆಯತ್ತ ಬೆರಳು ಚಾಚಿ, ಮುಟ್ಟದೆ ಹಿಂದೆ ತೆಗೆದರು. "ಅವ್ವನ ಕುಂಕುಮ ಇನ್ನೂ ಟೇಪಿನ ಮೇಲೆ ಇದೆಯಾ?"

"ಹೊಡೆದ ಸಾಲಲ್ಲಿ ಇಲ್ಲ ಸಾ. ಕಂಡ ಗಳಿಗೇಲೇ ಉರಿದೋಗದೆ. ಕೆಳಗೆ ಇನ್ನೂ ಒಂದೆರಡು ಸಾಲು ಉಳಿದಿರಬೌದು."

ಅಮರನಾಥರು ಯಮುನಾಳ ಕಡೆ ತಿರುಗಿದರು. "ಸುಳ್ಳು ಹೇಳಿದ್ದು ನಿನ್ನ ಕಣ್ಣಲ್ಲಮ್ಮ, ನಾನು. ಫಿಲಂ ಬೇಡ. ಉಳಿದಿದ್ದೂ ಹೊಡಿ, ನೋಡೇಬಿಡೋಣ."

ಯಮುನಾ ಟೇಪನ್ನು ಹಿಂದಕ್ಕೆ ಸುತ್ತಿ, ಒಂದು ಕೂದಲು ಕೆಳಗಿಳಿಸಿದಳು. ಅಮರನಾಥರು ಚಪ್ಪಲಿ ಬಿಟ್ಟು ಪರದೆಯ ಮುಂದೆ ನಿಂತರು, ಅವರ ಹಿಂದೆ ಮಂಜೇಶನೂ ಬಿಟ್ಟ.